ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದಾರೆಯೇ? ಅಡ್ಡಪರಿಣಾಮ ಗುರುತಿಸುವುದು, ತಿಳಿಸುವುದು ಹೀಗೆ

ಲಾಸ್ ಏಂಜಲಿಸ್/ಸ್ಯಾನ್ ಡಿಯಾಗೊ : ಬೇಸಿಗೆ ಬಂತೆಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ಸಂಭ್ರಮ. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ಸಾರಿನ ಪುಡಿ. ಕೈಚೀಲದಲ್ಲಿ ಆರು ತಿಂಗಳಿಗಾಗುವಷ್ಟು ಮಾತ್ರೆ. ಸಕ್ಕರೆ ಕಾಯಿಲೆ ಇರುವ ಹಿರಿಯರಾದರೆ ಅದರ ಜೊತೆಗೆ ಇನ್ಸುಲಿನ್ ಕೂಡ.

ಬಂದ ಮೂರನೆಯ ದಿನ ಮಧ್ಯಾಹ್ನ ಅಮ್ಮ ಸೋಫಾದ ಮೇಲೆ ಸುಮ್ಮನೆ ಕುಳಿತಿದ್ದಾರೆ ಎಂದುಕೊಳ್ಳಿ. ಮಾತನಾಡಿಸಿದರೆ ಸರಿಯಾಗಿ ಉತ್ತರ ಬರುತ್ತಿಲ್ಲ. ಹಣೆಯ ಮೇಲೆ ಬೆವರು. "ಜೆಟ್ ಲ್ಯಾಗ್ ಇರಬೇಕು, ಮಲಗಲಿ ಬಿಡಿ" ಎಂದು ಮನೆಯವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅದು ಜೆಟ್ ಲ್ಯಾಗ್ ಆಗಿರದೆ ರಕ್ತದ ಸಕ್ಕರೆ ಕುಸಿದದ್ದಾಗಿದ್ದರೆ, ಮುಂದಿನ ಅರ್ಧ ಗಂಟೆಯಲ್ಲಿ ಅಮ್ಮನಿಗೆ ಪ್ರಜ್ಞೆ ತಪ್ಪಬಹುದು.

ಇನ್ಸುಲಿನ್ ಜೀವ ಉಳಿಸುವ ಔಷಧ. ಅದನ್ನು ಹೆದರಿ ಬಿಡುವುದು ಇನ್ನೂ ದೊಡ್ಡ ಅಪಾಯ. ಆದರೆ ಅದರ ಅಡ್ಡಪರಿಣಾಮಗಳನ್ನು ಮೊದಲು ನೋಡುವವರು ವೈದ್ಯರಲ್ಲ, ಮನೆಯವರು. ನೋಡಿದ್ದನ್ನು ಗುರುತಿಸಿ, ಬರೆದಿಟ್ಟು, ತಿಳಿಸಬೇಕಾದವರಿಗೆ ತಿಳಿಸುವುದು ಹೇಗೆ ಎಂಬುದನ್ನು ನಮ್ಮ ಓದುಗರಿಗಾಗಿ ಇಲ್ಲಿ ಒಂದೆಡೆ ಕೊಟ್ಟಿದ್ದೇವೆ. ಇದು ಮಾಹಿತಿ ಮಾತ್ರ. ಡೋಸ್ ಹೆಚ್ಚು ಕಡಿಮೆ ಮಾಡುವ ಮುನ್ನ ನಿಮ್ಮ ವೈದ್ಯರನ್ನೇ ಕೇಳಿ.

ಮೊದಲನೆಯದು : ಸಕ್ಕರೆ ಇಳಿಯುವುದು

ಇನ್ಸುಲಿನ್‌ನ ಅಡ್ಡಪರಿಣಾಮಗಳಲ್ಲಿ ಅತಿ ಸಾಮಾನ್ಯವಾದದ್ದೂ ಅತಿ ಅಪಾಯಕಾರಿಯಾದದ್ದೂ ಇದೇ. ವೈದ್ಯರು ಇದನ್ನು ಹೈಪೊಗ್ಲೈಸೀಮಿಯಾ ಎನ್ನುತ್ತಾರೆ. ನಮ್ಮ ಮಾತಿನಲ್ಲಿ "ಶುಗರ್ ಲೋ ಆಗುವುದು".

2014ರಲ್ಲಿ 'ಜಾಮಾ ಇಂಟರ್ನಲ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, 2007ರಿಂದ 2011ರ ಅವಧಿಯಲ್ಲಿ ಅಮೆರಿಕದಲ್ಲಿ ಇನ್ಸುಲಿನ್‌ನಿಂದ ಸಕ್ಕರೆ ಇಳಿದು ಅಥವಾ ಇನ್ಸುಲಿನ್ ಕೊಡುವುದರಲ್ಲಿ ತಪ್ಪಾಗಿ ತುರ್ತು ಚಿಕಿತ್ಸೆಗೆ ಹೋದ ಪ್ರಕರಣಗಳು ವರ್ಷಕ್ಕೆ ಅಂದಾಜು 97,600. ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. 80 ದಾಟಿದವರಿಗೆ ಅಪಾಯ ಇನ್ನೂ ಹೆಚ್ಚು. ಕಾರಣ ಗೊತ್ತಾದ ಪ್ರಕರಣಗಳಲ್ಲಿ ಮುಖ್ಯವಾಗಿ ಕಂಡದ್ದು ಎರಡು : ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟದ್ದು ಅಥವಾ ಕಡಿಮೆ ಮಾಡಿದ್ದು, ಮತ್ತು ಒಂದು ಇನ್ಸುಲಿನ್ ಬದಲಿಗೆ ಇನ್ನೊಂದನ್ನು ಚುಚ್ಚಿಕೊಂಡದ್ದು.

ಮೊದಲ ಕಾರಣ ನಮ್ಮ ಮನೆಗಳಿಗೆ ಹೊಸದಲ್ಲ. ಏಕಾದಶಿ, ಸೋಮವಾರ, ಶಿವರಾತ್ರಿಯ ಉಪವಾಸ, ಮಲಿಬು ದೇವಸ್ಥಾನಕ್ಕೆ ಹೋದ ದಿನ ತಡವಾದ ಊಟ, ಸಮುದ್ರ ತೀರದಲ್ಲಿ ಎಂದಿಗಿಂತ ಉದ್ದದ ವಾಕಿಂಗ್, ಪ್ರಯಾಣದ ಆಯಾಸದಲ್ಲಿ ಅರ್ಧಕ್ಕೆ ಬಿಟ್ಟ ಚಪಾತಿ - ಇವೆಲ್ಲ ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆಯನ್ನು ಇಳಿಸುತ್ತವೆ. ಹಾಗಲಕಾಯಿ ರಸ, ಮೆಂತ್ಯದ ಪುಡಿ, ಮಧುನಾಶಿನಿ ಮುಂತಾದ ಮನೆಮದ್ದುಗಳೂ ಸಕ್ಕರೆಯನ್ನು ಇನ್ನಷ್ಟು ಇಳಿಸಬಹುದು. ಅಮ್ಮ ಇವನ್ನು "ಔಷಧ" ಎಂದು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನೀವೇ ಕೇಳಿ ತಿಳಿದುಕೊಂಡು ವೈದ್ಯರಿಗೆ ಹೇಳಬೇಕು.

ಗುರುತಿಸುವುದು ಹೇಗೆ?

- ಬೆವರು, ಕೈ ನಡುಕ, ಎದೆಬಡಿತ, ಇದ್ದಕ್ಕಿದ್ದಂತೆ ಹಸಿವು
- ತಲೆಸುತ್ತು, ಕಣ್ಣು ಮಂಜಾಗುವುದು, ತುಟಿ ಮರಗಟ್ಟುವುದು
- ಕಾರಣವಿಲ್ಲದ ಸಿಟ್ಟು, ಹಠ, ಅಳು, ಅಸಂಬದ್ಧ ಮಾತು, ತೊದಲು
- ರಾತ್ರಿ ಕೆಟ್ಟ ಕನಸು, ಬೆವರಿನಿಂದ ಒದ್ದೆಯಾದ ಹಾಸಿಗೆ, ಬೆಳಗ್ಗೆ ಎದ್ದಾಗ ತಲೆನೋವು
- ಕೊನೆಗೆ ಫಿಟ್ಸ್, ಪ್ರಜ್ಞೆ ತಪ್ಪುವುದು

ವಯಸ್ಸಾದವರಲ್ಲಿ ಮೊದಲ ಸಾಲಿನ ಲಕ್ಷಣಗಳು ಕಾಣದೆ ನೇರವಾಗಿ ಗೊಂದಲ ಶುರುವಾಗಬಹುದು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಿಗೆ ಮುನ್ಸೂಚನೆಯೇ ಸಿಗದಿರಬಹುದು. ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ನಡುಕ, ಎದೆಬಡಿತಗಳನ್ನು ಮುಚ್ಚಿಹಾಕುತ್ತವೆ, ಬೆವರನ್ನು ಮಾತ್ರ ಅಷ್ಟಾಗಿ ಮುಚ್ಚುವುದಿಲ್ಲ. ಆದ್ದರಿಂದ "ವಯಸ್ಸಾಯಿತು, ಅರಳು ಮರಳು" ಎನ್ನುವ ಮುನ್ನ ಬೆರಳು ಚುಚ್ಚಿ ಸಕ್ಕರೆ ನೋಡಿ. ಭಾರತದಲ್ಲೂ ಅಮೆರಿಕದಲ್ಲೂ ಮೀಟರಿನ ಅಂಕಿಗಳ ಅಳತೆ ಒಂದೇ. 70ಕ್ಕಿಂತ ಕೆಳಗೆ ಇಳಿದರೆ ಅದು ಹೈಪೊ. 54ಕ್ಕಿಂತ ಕೆಳಗೆ ಎಂದರೆ ಗಂಭೀರ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ, ಹೈಪೊ ಎಂದೇ ತಿಳಿದು ಉಪಚಾರ ಮಾಡಿ.

ತಕ್ಷಣ ಏನು ಮಾಡಬೇಕು?

ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಸಕ್ಕರೆ ಅಂಶ ಕೊಡಿ : ಅರ್ಧ ಕಪ್ ಹಣ್ಣಿನ ರಸ ಅಥವಾ ಡಯಟ್ ಅಲ್ಲದ ಸೋಡಾ, ಇಲ್ಲವೇ ಒಂದು ದೊಡ್ಡ ಚಮಚ ಸಕ್ಕರೆ ಅಥವಾ ಜೇನುತುಪ್ಪ, ಇಲ್ಲವೇ ಮೂರು ನಾಲ್ಕು ಗ್ಲೂಕೋಸ್ ಮಾತ್ರೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಕೊಡಿ. ಸರಿಯಾದ ಮೇಲೆ ಸ್ವಲ್ಪ ಊಟ ಅಥವಾ ತಿಂಡಿ ಕೊಡಿ.

ಇಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. "ಸಿಹಿ ಕೊಡಿ" ಎಂದ ಕೂಡಲೇ ಮೈಸೂರು ಪಾಕ್, ಲಾಡು, ಚಾಕೊಲೇಟ್ ತರುತ್ತೇವೆ. ಅವುಗಳಲ್ಲಿರುವ ತುಪ್ಪ, ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತವೆ. ಆ ಹೊತ್ತಿಗೆ ಬೇಕಾದದ್ದು ಬರೀ ಸಕ್ಕರೆ ನೀರು. ಇನ್ನೊಂದು ಎಚ್ಚರಿಕೆ : ಇನ್ಸುಲಿನ್ ಜೊತೆ ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅವರಿಗೆ ಗ್ಲೂಕೋಸೇ ಬೇಕು. ಭಾರತದಲ್ಲಿ ಈ ಮಾತ್ರೆಗಳನ್ನು ಬರೆದುಕೊಡುವುದುಂಟು.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಸಕ್ಕರೆ ನೀರು ಶ್ವಾಸಕೋಶಕ್ಕೆ ಹೋದೀತು. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ 911 ಕರೆ ಮಾಡಿ. ಮನೆಯಲ್ಲಿ ಗ್ಲುಕಗಾನ್ ಇದ್ದರೆ ಕೊಡಿ. 2019ರಿಂದ ಮೂಗಿಗೆ ಹಾಕುವ ಗ್ಲುಕಗಾನ್ ಪುಡಿಯೂ ಇಲ್ಲಿ ಸಿಗುತ್ತದೆ, ಸೂಜಿ ಬೇಕಿಲ್ಲ, ರೋಗಿ ಉಸಿರು ಎಳೆದುಕೊಳ್ಳಬೇಕಾಗಿಯೂ ಇಲ್ಲ. ಇನ್ಸುಲಿನ್ ಬರೆದುಕೊಡುವಾಗಲೇ ಇದನ್ನೂ ಬರೆದುಕೊಡುವಂತೆ ವೈದ್ಯರನ್ನು ಕೇಳಿ.

ಊರಿನಿಂದ ಬಂದವರ ಹಣ, ಇನ್ಶೂರೆನ್ಸ್ ನೆನೆದು 911 ಕರೆಯಲು ಹಿಂಜರಿಯುವವರಿದ್ದಾರೆ. 1986ರ ಫೆಡರಲ್ ಕಾನೂನಿನ ಪ್ರಕಾರ, ಮೆಡಿಕೇರ್‌ಗೆ ಸೇರಿದ ಆಸ್ಪತ್ರೆಗಳ ತುರ್ತು ವಿಭಾಗ ಯಾರೇ ಬಂದರೂ, ದುಡ್ಡು ಕೊಡುವ ಶಕ್ತಿ ಇರಲಿ ಬಿಡಲಿ, ಪರೀಕ್ಷಿಸಿ ಅಪಾಯದಿಂದ ಪಾರು ಮಾಡಲೇಬೇಕು. ಬಿಲ್ ಆಮೇಲೆ ಬರುತ್ತದೆ, ನಿಜ. ಆದರೆ ಬಿಲ್ ಬಗ್ಗೆ ಆಮೇಲೆ ಮಾತನಾಡಬಹುದು. "ಕನ್ನಡ ದುಭಾಷಿ ಬೇಕು" ಎಂದು ಆಸ್ಪತ್ರೆಯಲ್ಲಿ ಕೇಳುವುದೂ ನಿಮ್ಮ ಹಕ್ಕು. ಸಾಮಾನ್ಯವಾಗಿ ಫೋನಿನ ಮೂಲಕ ದುಭಾಷಿಯನ್ನು ಒದಗಿಸುತ್ತಾರೆ, ಇದಕ್ಕೆ ಶುಲ್ಕವಿಲ್ಲ.

ಊರಿನ ಬಾಟಲಿ, ಇಲ್ಲಿನ ಸಿರಿಂಜ್

ಇದು ಎರಡು ದೇಶಗಳ ನಡುವೆ ಓಡಾಡುವ ನಮ್ಮಂಥ ಕುಟುಂಬಗಳು ತಪ್ಪದೆ ತಿಳಿದಿರಬೇಕಾದ ವಿಷಯ.

ಭಾರತದಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಯು-40. ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವುದು ಯು-100, ಒಂದು ಮಿಲಿಲೀಟರಿನಲ್ಲಿ 100 ಯೂನಿಟ್. ಸಿರಿಂಜಿನ ಗೆರೆಗಳನ್ನೂ ಆಯಾ ಇನ್ಸುಲಿನ್‌ಗೆ ತಕ್ಕಂತೆ ಹಾಕಿರುತ್ತಾರೆ. ಭಾರತದಲ್ಲಿ ಯು-40 ಸಿರಿಂಜಿಗೆ ಕೆಂಪು ಮುಚ್ಚಳ, ಯು-100 ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ.

ಈಗ ಲೆಕ್ಕ ನೋಡಿ. ಅಪ್ಪನ ಡೋಸ್ 20 ಯೂನಿಟ್ ಎಂದುಕೊಳ್ಳೋಣ.

- ಊರಿನ ಸಿರಿಂಜ್ ಮುಗಿದು, ಊರಿನ ಯು-40 ಬಾಟಲಿಯಿಂದ ಇಲ್ಲಿನ ಯು-100 ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಸಿಗುವುದು 8 ಯೂನಿಟ್ ಮಾತ್ರ. ಸಕ್ಕರೆ ಏರುತ್ತಾ ಹೋಗುತ್ತದೆ.
- ಊರಿನ ಇನ್ಸುಲಿನ್ ಮುಗಿದು, ಇಲ್ಲಿನ ಯು-100 ಬಾಟಲಿಯಿಂದ ಊರಿನ ಯು-40 ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ಇದು ಪ್ರಾಣಕ್ಕೇ ಅಪಾಯ.

ಯು-40 ಬಾಟಲಿಗೆ ಯು-40 ಸಿರಿಂಜ್, ಯು-100ಕ್ಕೆ ಯು-100. ಬೆರಕೆ ಬೇಡ. ಊರಿನ ಬಾಟಲಿ ತರುವವರು ಅದಕ್ಕೆ ಬೇಕಾದಷ್ಟು ಸಿರಿಂಜನ್ನೂ ತರಲಿ. ಇಲ್ಲಿನ ಇನ್ಸುಲಿನ್‌ಗೆ ಬದಲಾದ ದಿನ ಊರಿನ ಸಿರಿಂಜುಗಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಪೆನ್ನಿನಲ್ಲಿ ಈ ಗೊಂದಲ ಇಲ್ಲ, ತಿರುಗಿಸಿದಷ್ಟು ಯೂನಿಟ್ ಬರುತ್ತದೆ. ಆದರೆ ಪೆನ್ನಿನಿಂದ ಸಿರಿಂಜಿಗೆ ಎಳೆದುಕೊಳ್ಳುವ ಸಾಹಸ ಎಂದೂ ಬೇಡ, ಯು-200, ಯು-300 ಪೆನ್ನುಗಳೂ ಇವೆ.

ಹೆಸರಿನ ಗೊಂದಲವೂ ಉಂಟು. ಭಾರತದಲ್ಲಿ ಡಬ್ಬಿಯ ಮೇಲೆ 30/70 ಎಂದಿರುವ ಸಿದ್ಧ ಮಿಶ್ರಣವೇ ಇಲ್ಲಿ 70/30. ಅಂಕಿ ತಿರುಗಿದೆ ಅಷ್ಟೇ, 30 ಭಾಗ ಬೇಗ ಕೆಲಸ ಮಾಡುವುದು, 70 ಭಾಗ ನಿಧಾನವಾಗಿ ಕೆಲಸ ಮಾಡುವುದು. ಕ್ಯಾಲಿಫೋರ್ನಿಯಾದಲ್ಲಿ ಕೆಲವು ಹಳೆಯ ಮಾದರಿಯ ಹ್ಯೂಮನ್ ಇನ್ಸುಲಿನ್‌ಗಳು ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಸಿಗುತ್ತವೆ. ಅಗ್ಗವೆಂದು ಅವನ್ನು ತಂದು ಊರಿನ ಹೊಸ ಮಾದರಿಯ ಇನ್ಸುಲಿನ್ ಬದಲಿಗೆ ಅಷ್ಟೇ ಯೂನಿಟ್ ಕೊಡುವುದು ಸರಿಯಲ್ಲ. ಊಟಕ್ಕೆ ಎಷ್ಟು ಮುಂಚೆ ತೆಗೆದುಕೊಳ್ಳಬೇಕು, ಎಷ್ಟು ಹೊತ್ತು ಕೆಲಸ ಮಾಡುತ್ತದೆ ಎಲ್ಲವೂ ಬೇರೆ.

ಗಡಿಯಾರದ ಲೆಕ್ಕ ಇನ್ನೊಂದು. ಬೆಂಗಳೂರಿಗೂ ಲಾಸ್ ಏಂಜಲಿಸ್‌ಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಊರಿನಲ್ಲಿ ರಾತ್ರಿ 9ಕ್ಕೆ ತೆಗೆದುಕೊಳ್ಳುತ್ತಿದ್ದ ದಿನಕ್ಕೊಂದು ಇನ್ಸುಲಿನ್‌ನ ಹೊತ್ತು ಇಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ ಎಂಟೂವರೆ. ಇಳಿದ ದಿನವೇ ಇಲ್ಲಿನ ರಾತ್ರಿ 9ಕ್ಕೆ ಬದಲಿಸಿದರೆ ನಡುವೆ ಅಂತರ ಬೀಳುತ್ತದೆ, ಇಲ್ಲವೇ ಎರಡು ಡೋಸ್ ಹತ್ತಿರವಾಗುತ್ತದೆ. ಹೊರಡುವ ಮುನ್ನವೇ ಊರಿನ ವೈದ್ಯರ ಹತ್ತಿರ ಪ್ರಯಾಣದ ವೇಳಾಪಟ್ಟಿ ಬರೆಸಿಕೊಳ್ಳುವುದು ಒಳ್ಳೆಯದು. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜಿನಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಕಂಡರೂ ಬಳಸಬಾರದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬಾರದು.

ಇತರ ಅಡ್ಡಪರಿಣಾಮಗಳು

ಚುಚ್ಚಿದ ಜಾಗದ ಗಂಟು : ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಚುಚ್ಚಿದರೆ ಚರ್ಮದ ಕೆಳಗೆ ಕೊಬ್ಬು ಗಂಟುಗಟ್ಟುತ್ತದೆ. ಅಲ್ಲಿ ನೋವು ಕಡಿಮೆ ಎಂದು ಹಿರಿಯರು ಅಲ್ಲೇ ಚುಚ್ಚಿಕೊಳ್ಳುತ್ತಾರೆ. ಆದರೆ ಗಂಟಿನಿಂದ ಇನ್ಸುಲಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ, ಸಕ್ಕರೆ ಏರುತ್ತದೆ, ವೈದ್ಯರು ಡೋಸ್ ಹೆಚ್ಚಿಸುತ್ತಾರೆ. ಒಂದು ದಿನ ಯಾರೋ ಹೇಳಿದರೆಂದು ಹೊಸ ಜಾಗಕ್ಕೆ ಚುಚ್ಚಿದರೆ ಆ ಹೆಚ್ಚಿದ ಡೋಸ್ ಪೂರ್ತಿ ಹೀರಿಕೆಯಾಗಿ ಸಕ್ಕರೆ ಕುಸಿಯುತ್ತದೆ. ಜಾಗ ಬದಲಿಸುತ್ತಾ ಇರಬೇಕು. ಗಂಟು ಈಗಾಗಲೇ ಇದ್ದರೆ ಜಾಗ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ.

ಅಲರ್ಜಿ : ಚುಚ್ಚಿದಲ್ಲಿ ಕೆಂಪಾಗುವುದು, ತುರಿಕೆ, ಸ್ವಲ್ಪ ಊತ ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ. ಮೈಯೆಲ್ಲ ದದ್ದು, ಉಸಿರಾಟಕ್ಕೆ ಕಷ್ಟ, ಮುಖ ಅಥವಾ ನಾಲಿಗೆ ಊದುವುದು ಅಪರೂಪ, ಆದರೆ ಬಂದರೆ ಕೂಡಲೇ 911.

ಕಾಲು ಊತ, ಏದುಸಿರು : ಇನ್ಸುಲಿನ್ ಜೊತೆ ಪಯೋಗ್ಲಿಟಜೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೈಯಲ್ಲಿ ನೀರು ನಿಂತು ಹೃದಯಕ್ಕೆ ಹೊರೆಯಾಗಬಹುದು. ಕೆಲವೇ ದಿನಗಳಲ್ಲಿ ತೂಕ ಏರಿದರೆ, ಕಾಲು ಊದಿದರೆ ಕಾಯಬೇಡಿ. ಭಾರತದಲ್ಲಿ ಈ ಔಷಧವನ್ನು 2013ರ ಜೂನ್‌ನಲ್ಲಿ ತಡೆಹಿಡಿದು ಜುಲೈನಲ್ಲಿ ಎಚ್ಚರಿಕೆಯೊಂದಿಗೆ ಮರಳಿ ಬಿಟ್ಟರು. ಇತರ ಔಷಧಗಳೊಡನೆ ಸೇರಿಸಿದ ಮಾತ್ರೆಗಳಲ್ಲೂ ಇದು ಇರುತ್ತದೆ, ಹೆಸರು ಓದಿ ನೋಡಿ.

ಪೊಟ್ಯಾಸಿಯಂ ಇಳಿಯುವುದು : ಕಾಲು ಸೆಳೆತ, ಸುಸ್ತು, ಎದೆಬಡಿತದಲ್ಲಿ ಏರುಪೇರು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಜಾಗ್ರತೆ ವಹಿಸಬೇಕು.

ತೂಕ ಏರುವುದು, ಕಣ್ಣು ಮಂಜಾಗುವುದು : ಇನ್ಸುಲಿನ್ ಶುರು ಮಾಡಿದ ಮೊದಲ ವಾರಗಳಲ್ಲಿ ಸಕ್ಕರೆ ಬೇಗ ಇಳಿದಾಗ ದೃಷ್ಟಿ ತಾತ್ಕಾಲಿಕವಾಗಿ ಮಂಜಾಗಬಹುದು. ಹೊಸ ಕನ್ನಡಕ ಮಾಡಿಸಲು ಅವಸರ ಬೇಡ, ಆದರೆ ಕಣ್ಣಿನ ವೈದ್ಯರಿಗೆ ತೋರಿಸಿ.

ಅಪ್ಪ ರಾತ್ರಿಯ ನಿಧಾನದ ಇನ್ಸುಲಿನ್ ಬದಲು ಊಟದ ಇನ್ಸುಲಿನ್ ಅಷ್ಟೂ ಯೂನಿಟ್ ಚುಚ್ಚಿಕೊಂಡುಬಿಟ್ಟರು, ಈಗೇನು ಮಾಡುವುದು? ಲಕ್ಷಣ ಬರಲಿ ಎಂದು ಕಾಯಬೇಡಿ. ಕೂಡಲೇ ಸಕ್ಕರೆ ಅಂಶವಿರುವ ಆಹಾರ ಕೊಟ್ಟು, ಕ್ಯಾಲಿಫೋರ್ನಿಯಾ ಪಾಯ್ಸನ್ ಕಂಟ್ರೋಲ್‌ಗೆ ಕರೆ ಮಾಡಿ : 1-800-222-1222. ಹಗಲು ರಾತ್ರಿ, ವಾರದ ಏಳೂ ದಿನ, ಉಚಿತ. ದುಭಾಷಿ ಸೌಲಭ್ಯವೂ ಇದೆ. ಮನೆಯಲ್ಲೇ ನೋಡಿಕೊಳ್ಳಬಹುದೇ, ಆಸ್ಪತ್ರೆಗೆ ಹೋಗಬೇಕೇ ಎಂದು ಅವರು ಹೇಳುತ್ತಾರೆ. ಇಂಥ ತಪ್ಪಿಗೆ ಹಿರಿಯರನ್ನು ಗದರಬೇಡಿ. ಗದರಿದರೆ ಮುಂದಿನ ಸಲ ಹೇಳುವುದೇ ಇಲ್ಲ.

ತಿಳಿಸಿದರೆ ಏನು ಪ್ರಯೋಜನ?

ಅಪಾಯ ಕಳೆದ ಮೇಲೆ "ಸದ್ಯ, ಬದುಕಿದೆವು" ಎಂದು ನಾವು ಮರೆತುಬಿಡುತ್ತೇವೆ. ನೂರು ವರ್ಷದ ಕಥೆ ನೋಡಿದರೆ ಹಾಗೆ ಮರೆಯಬಾರದು ಎಂದು ಗೊತ್ತಾಗುತ್ತದೆ.

1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಸಕ್ಕರೆ ಹೆಚ್ಚೇನೂ ಇಳಿಯಲಿಲ್ಲ, ಚುಚ್ಚಿದ ಜಾಗ ಬಾತು ಕೀವಾಯಿತು. ವೈದ್ಯರು ಅದನ್ನು ದಾಖಲಿಸಿ ನಿಲ್ಲಿಸಿದರು. ಜೇಮ್ಸ್ ಕಾಲಿಪ್ ಔಷಧವನ್ನು ಇನ್ನಷ್ಟು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ ಹಂದಿ, ದನಗಳ ಇನ್ಸುಲಿನ್‌ನಿಂದ ಅಲರ್ಜಿ ಮುಂತಾದ ತೊಂದರೆಗಳಿದ್ದವು. ಮನುಷ್ಯರ ಇನ್ಸುಲಿನ್ ಅನ್ನೇ ಬ್ಯಾಕ್ಟೀರಿಯಾದಿಂದ ತಯಾರಿಸುವ ದಾರಿ ತೆರೆದದ್ದು 1978ರಲ್ಲಿ, ನಮ್ಮ ಲಾಸ್ ಏಂಜಲಿಸ್ ಕೌಂಟಿಯ ಡ್ವಾರ್ಟೆಯಲ್ಲಿರುವ ಸಿಟಿ ಆಫ್ ಹೋಪ್‌ನ ಆರ್ಥರ್ ರಿಗ್ಸ್, ಕೆಯ್‌ಇಚಿ ಇಟಕುರಾ ಮತ್ತು ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳು. 1982ರಲ್ಲಿ ಅದು ಔಷಧವಾಗಿ ಮಾರುಕಟ್ಟೆಗೆ ಬಂತು.

ಇತ್ತೀಚಿನ ಎರಡು ಪ್ರಕರಣಗಳೂ ನಮ್ಮ ನೆರೆಹೊರೆಯವೇ. ಲಾಸ್ ಏಂಜಲಿಸ್‌ನ ನಾರ್ತ್‌ರಿಡ್ಜ್‌ನಲ್ಲಿದ್ದ ಮೆಡ್‌ಟ್ರಾನಿಕ್ ಕಂಪನಿಯ ಮಧುಮೇಹ ವಿಭಾಗ 2019ರ ನವೆಂಬರ್‌ನಲ್ಲಿ ತನ್ನ ಮಿನಿಮೆಡ್ 630ಜಿ ಮತ್ತು 670ಜಿ ಇನ್ಸುಲಿನ್ ಪಂಪ್‌ಗಳ ಬಗ್ಗೆ ರೀಕಾಲ್ ಹೊರಡಿಸಿತು. ಇನ್ಸುಲಿನ್ ತುಂಬಿದ ಕೊಳವೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಉಂಗುರ ಮುರಿದರೆ ಇನ್ಸುಲಿನ್ ಹೆಚ್ಚಾಗಿಯೋ ಕಡಿಮೆಯಾಗಿಯೋ ಹೋಗುವ ಸಾಧ್ಯತೆ ಇತ್ತು. ಎಫ್‌ಡಿಎ 2020ರ ಫೆಬ್ರವರಿಯಲ್ಲಿ ಇದನ್ನು ಅತಿ ಗಂಭೀರ ದರ್ಜೆಗೆ ಸೇರಿಸಿದಾಗ ಕಂಪನಿಗೆ ಬಂದಿದ್ದ ದೂರುಗಳು 26,421. ತೊಂದರೆಗೊಳಗಾದ ಪ್ರಕರಣಗಳು 2,175, ಸಾವು 1.

ಎರಡನೆಯದು ಸ್ಯಾನ್ ಡಿಯಾಗೊದ ಟ್ಯಾಂಡೆಮ್ ಡಯಾಬಿಟಿಸ್ ಕೇರ್ ಕಂಪನಿಯದು. ಐಫೋನ್‌ಗಾಗಿ ಮಾಡಿದ ಅದರ ಟಿ:ಕನೆಕ್ಟ್ ಆ್ಯಪ್‌ನ 2.7ನೇ ಆವೃತ್ತಿ ಪದೇ ಪದೇ ನಿಂತು ಮತ್ತೆ ಶುರುವಾಗುತ್ತಿತ್ತು. ಇದರಿಂದ ಪಂಪಿನ ಬ್ಯಾಟರಿ ಬೇಗ ಖಾಲಿಯಾಗಿ ಇನ್ಸುಲಿನ್ ಬರುವುದೇ ನಿಲ್ಲುವ ಅಪಾಯವಿತ್ತು. 2024ರ ಮಾರ್ಚ್‌ನಲ್ಲಿ ರೀಕಾಲ್ ಆಯಿತು. ಏಪ್ರಿಲ್ ಮಧ್ಯದ ಹೊತ್ತಿಗೆ 224 ಮಂದಿಗೆ ತೊಂದರೆಯಾದ ವರದಿಗಳು ಬಂದಿದ್ದವು, ಸಾವು ವರದಿಯಾಗಲಿಲ್ಲ.

ಎರಡೂ ಕಡೆ ಲೆಕ್ಕಕ್ಕೆ ಬಂದದ್ದು ಒಬ್ಬೊಬ್ಬರೇ ತಿಳಿಸಿದ ವಿಷಯ. ಒಂದು ಮನೆಯಲ್ಲಿ ಆದದ್ದು ಆಕಸ್ಮಿಕದಂತೆ ಕಾಣುತ್ತದೆ. ನೂರು ಮನೆಯವರು ಬರೆದಾಗ ಅದು ದೋಷವೆಂದು ತಿಳಿಯುತ್ತದೆ.

ಯಾರಿಗೆ, ಹೇಗೆ ತಿಳಿಸಬೇಕು?

ಮೊದಲು ನಿಮ್ಮ ವೈದ್ಯರಿಗೆ, ಫಾರ್ಮಸಿಸ್ಟ್‌ಗೆ : ಚಿಕಿತ್ಸೆ ಬದಲಿಸಬೇಕಾದವರು ಅವರೇ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಔಷಧ ಕೊಡುವಾಗ ಅಥವಾ ಡೋಸ್ ಬದಲಾದಾಗ ಫಾರ್ಮಸಿಸ್ಟ್ ನಿಮಗೆ ವಿವರಿಸಬೇಕೆಂಬ ನಿಯಮವಿದೆ. "ಪ್ರಶ್ನೆ ಇದೆಯೇ?" ಎಂದಾಗ ಇಲ್ಲವೆಂದು ಸಹಿ ಹಾಕಿ ಬರಬೇಡಿ.

ಎಫ್‌ಡಿಎ ಮೆಡ್‌ವಾಚ್ : ಔಷಧ, ಪಂಪ್, ಮೀಟರ್, ಸಿರಿಂಜ್ ಎಲ್ಲಕ್ಕೂ ಇದೊಂದೇ ಬಾಗಿಲು. 1993ರಿಂದ ನಡೆಯುತ್ತಿದೆ. ಫೋನ್ 1-800-332-1088. ಎಫ್‌ಡಿಎ ಜಾಲತಾಣದಲ್ಲೂ ತುಂಬಬಹುದು. ಜನಸಾಮಾನ್ಯರಿಗೆಂದೇ ಸರಳವಾದ 3500ಬಿ ಎಂಬ ಫಾರ್ಮ್ ಇದೆ. ವೈದ್ಯರ ಅನುಮತಿ ಬೇಕಿಲ್ಲ. ಇನ್ಸುಲಿನ್‌ನಿಂದಲೇ ಆಯಿತೆಂದು ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ರೋಗಿಯ ಪೂರ್ತಿ ಹೆಸರೂ ಬೇಕಿಲ್ಲ, ಮೊದಲ ಅಕ್ಷರಗಳು ಸಾಕು. ಆದರೆ ಮೆಡ್‌ವಾಚ್ ಚಿಕಿತ್ಸೆ ಹೇಳುವುದಿಲ್ಲ, ತುರ್ತಿಗೆ 911.

ತಯಾರಕ ಕಂಪನಿ : ಡಬ್ಬಿಯ ಮೇಲೆ ಫೋನ್ ಸಂಖ್ಯೆ ಇರುತ್ತದೆ. ಲೇಬಲ್‌ನಲ್ಲಿ ಇಲ್ಲದ ಗಂಭೀರ ಪರಿಣಾಮ ತಿಳಿದುಬಂದರೆ ಕಂಪನಿ 15 ದಿನದೊಳಗೆ ಎಫ್‌ಡಿಎಗೆ ವರದಿ ಮಾಡಬೇಕು.

ಔಷಧದಂಗಡಿಯದೇ ತಪ್ಪಾದರೆ : ಬೇರೆ ಇನ್ಸುಲಿನ್ ಕೊಟ್ಟಿದ್ದರೆ, ಡೋಸ್ ತಪ್ಪು ಬರೆದಿದ್ದರೆ ಮೊದಲು ಅಂಗಡಿಗೆ ತಿಳಿಸಿ. ಕ್ಯಾಲಿಫೋರ್ನಿಯಾ ಸ್ಟೇಟ್ ಬೋರ್ಡ್ ಆಫ್ ಫಾರ್ಮಸಿಗೂ ದೂರು ಕೊಡಬಹುದು.

ಭಾರತದಲ್ಲಿ ಕೊಂಡ ಇನ್ಸುಲಿನ್ ಆಗಿದ್ದರೆ : ಭಾರತದ ಔಷಧ ಜಾಗೃತಿ ಕಾರ್ಯಕ್ರಮ 2010ರಲ್ಲಿ ಶುರುವಾಗಿ, 2011ರಿಂದ ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್‌ನಿಂದ ನಡೆಯುತ್ತಿದೆ. ಭಾರತದೊಳಗಿನ ಉಚಿತ ಸಹಾಯವಾಣಿ 1800-180-3024. ಊರಿನಲ್ಲಿರುವ ಅಣ್ಣನೋ ತಂಗಿಯೋ ಕರೆ ಮಾಡಬಹುದು. ಬಳಕೆದಾರರ ಫಾರ್ಮ್ ಕನ್ನಡದಲ್ಲೂ ಇದೆ, ಅಮ್ಮ ತಾವೇ ಓದಿ ತುಂಬಬಹುದು.

ಬರೆದಿಡಬೇಕಾದದ್ದು

- ಇನ್ಸುಲಿನ್‌ನ ಪೂರ್ತಿ ಹೆಸರು, ಯು-40 ಅಥವಾ ಯು-100, ಲಾಟ್ ಸಂಖ್ಯೆ, ಮುಗಿಯುವ ದಿನಾಂಕ
- ಎಷ್ಟು ಯೂನಿಟ್, ಎಷ್ಟು ಹೊತ್ತಿಗೆ, ಮೈಯ ಯಾವ ಜಾಗಕ್ಕೆ
- ಕೊನೆಯ ಊಟ ಯಾವಾಗ, ಎಷ್ಟು. ಉಪವಾಸ, ನಡಿಗೆ, ವಾಂತಿ ಭೇದಿ ಇತ್ತೇ
- ಆಗಿನ ಸಕ್ಕರೆ ಅಂಕಿ, ಲಕ್ಷಣಗಳು, ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಸರಿಯಾಯಿತು
- ಬೇರೆ ಎಲ್ಲ ಮಾತ್ರೆ, ಮನೆಮದ್ದು

ಬಾಟಲಿ, ಪೆನ್, ಪಂಪ್, ಡಬ್ಬಿಯನ್ನು ಎಸೆಯಬೇಡಿ. ಲಾಟ್ ಸಂಖ್ಯೆ ಅದರಲ್ಲೇ ಇರುತ್ತದೆ.

ಪೂರ್ತಿ ಹೆಸರು ಏಕೆಂದರೆ, ಈಗ ಒಂದೇ ಬಗೆಯ ಇನ್ಸುಲಿನ್ ಹಲವು ಕಂಪನಿಗಳಿಂದ ಬರುತ್ತಿದೆ. ನಮ್ಮ ಬೆಂಗಳೂರಿನ ಬಯೋಕಾನ್‌ನ ಗ್ಲಾರ್ಜಿನ್ ಇನ್ಸುಲಿನ್ 'ಸೆಂಗ್ಲೀ' 2021ರ ಜುಲೈನಲ್ಲಿ, ಫಾರ್ಮಸಿಸ್ಟ್ ತಾವೇ ಬದಲಿಸಿ ಕೊಡಬಹುದಾದ ಮೊದಲ ಬಯೋಸಿಮಿಲರ್ ಇನ್ಸುಲಿನ್ ಎಂದು ಎಫ್‌ಡಿಎ ಮನ್ನಣೆ ಪಡೆಯಿತು. ಇಂಥವುಗಳ ಹೆಸರಿನ ಕೊನೆಗೆ ನಾಲ್ಕು ಅಕ್ಷರದ ಬಾಲವಿರುತ್ತದೆ, ಬಯೋಕಾನ್‌ನದಕ್ಕೆ 'ವೈಎಫ್‌ಜಿಎನ್'. ವರದಿಯಲ್ಲಿ ಬರೀ "ಗ್ಲಾರ್ಜಿನ್" ಎಂದು ಬರೆದರೆ ಯಾವ ಕಂಪನಿಯದೆಂದು ತಿಳಿಯುವುದಿಲ್ಲ. ಬಾಲವನ್ನೂ ಬರೆಯಿರಿ.

ಕೊನೆಯ ಮಾತು

ಇನ್ಸುಲಿನ್ ತೆಗೆದುಕೊಳ್ಳುವವರು ಕಾರು ಓಡಿಸುತ್ತಿದ್ದರೆ 405 ಅಥವಾ ಐ-15 ಹತ್ತುವ ಮುನ್ನ ಸಕ್ಕರೆ ನೋಡಿಕೊಳ್ಳಲಿ, ಕಾರಿನಲ್ಲಿ ಗ್ಲೂಕೋಸ್ ಮಾತ್ರೆ ಇರಲಿ. ಮನೆಯಲ್ಲಿ ಒಬ್ಬರಿಗಲ್ಲ, ಎಲ್ಲರಿಗೂ, ಹೈಸ್ಕೂಲಿಗೆ ಹೋಗುವ ಮೊಮ್ಮಕ್ಕಳಿಗೂ ಗ್ಲುಕಗಾನ್ ಎಲ್ಲಿದೆ ಎಂದು ಗೊತ್ತಿರಲಿ. ಹಗಲು ಹೊತ್ತು ಅಜ್ಜಿಯ ಜೊತೆ ಇರುವವರು ಎಷ್ಟೋ ಸಲ ಅವರೊಬ್ಬರೇ.

ಈ ಮೂರು ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ :

ಪ್ರಾಣಾಪಾಯ - 911
ತಪ್ಪು ಡೋಸ್, ಸಲಹೆ - 1-800-222-1222
ಅಡ್ಡಪರಿಣಾಮದ ವರದಿ - 1-800-332-1088

ಊರಿನಿಂದ ಹಿರಿಯರು ಬಂದ ದಿನವೇ, ಚಟ್ನಿಪುಡಿ ಡಬ್ಬಿ ತೆಗೆಯುವ ಮುನ್ನ, ಅವರ ಇನ್ಸುಲಿನ್ ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ಹಿಡಿದು ಎರಡರ ಮೇಲೂ ಒಂದೇ ಅಂಕಿ ಇದೆಯೇ ಎಂದು ಒಮ್ಮೆ ಓದಿ ನೋಡಿ. ಅರ್ಧ ನಿಮಿಷದ ಕೆಲಸ.